ಮಾರ್ಗದರ್ಶಕರ ಹೆಸರು

ಹಿರೇಕೆರೂರಿನ ಚನ್ನೇಶಪ್ಪನವರಿಗೆ ಕಂಪ್ಯೂಟರಿನ ಮೇಲೆ ಬಂದಿದ್ದ ಸಿಟ್ಟು ಸಾಮಾನ್ಯದ್ದಲ್ಲ. ಹೆಂಡತಿ ಶೀಲಾ ರೊಟ್ಟಿ ಮಾಡಿ ಮಾರುತ್ತಾಳೆ. ಆಕೆಗೆ ಮೂರು ಇಮೇಲ್ ಖಾತೆ: ಒಂದು ಆರ್ಡರಿಗೆ, ಒಂದು ಮಹಿಳಾ ಸಂಘಕ್ಕೆ, ಒಂದು ಸ್ವಂತಕ್ಕೆ. ಮೂರರಲ್ಲೂ ಪತ್ರದ ಕೆಳಗೆ ತಾನಾಗಿಯೇ ಮೂಡುವ ಸಹಿಯನ್ನು ಇವರೇ ಕೂತು ಜೋಡಿಸಿದ್ದರು: 'ಶೀಲಾ ಚನ್ನೇಶಪ್ಪ, ರೊಟ್ಟಿಮನೆ. ಮಾರ್ಗದರ್ಶನ: ಶ್ರೀ ಚನ್ನೇಶಪ್ಪ, ನಿವೃತ್ತ ಮೇಲ್ವಿಚಾರಕರು.' (ಮಾರ್ಗದರ್ಶನವೆಂದರೆ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದು 'ಅಡ್ಡಿಯಿಲ್ಲ' ಎನ್ನುವುದು.) ಮರುದಿನ ನೋಡಿದರೆ ಮೂರರಲ್ಲೂ 'ಶೀಲಾ, ರೊಟ್ಟಿಮನೆ' ಅಷ್ಟೇ. ಶ್ರೀ ಚನ್ನೇಶಪ್ಪನವರು ಮಂಗಮಾಯ!

ಮತ್ತೆ ಹಾಕಿದರು, ಮತ್ತೆ ಹೋಯಿತು. ಪಾಸ್‌ವರ್ಡ್ ಬದಲಿಸಿ ಹೆಂಡತಿಗೂ ಹೇಳಿಕೊಟ್ಟರು. ಆದರೂ ಹೋಯಿತು. ಕೊನೆಗೆ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಮುಬಶೀರನ ರಿಪೇರಿ ಅಂಗಡಿಗೆ ನಡೆದರು.

"ಕಾಕಾ, ಸೆಟ್ಟಿಂಗ್ ಎಲ್ಲಾ ಬರೋಬ್ಬರಿ ಐತ್ರಿ. ವೈರಸ್ ಇರಬೇಕು," ಎಂದ ಮುಬಶೀರ.

"ಆಕಿ ಹೆಸರ ಬಿಟ್ಟು ನನ್ನ ಹೆಸರಷ್ಟ ಆರಿಸಿ ತಿನ್ನೂ ವೈರಸ್ ಎಲ್ಲೆರ ಇರತೈತೇನೋ ತಮ್ಮಾ?"

ಅವತ್ತು ಅವರಿಗೆ ಅವಸರವಿತ್ತು. ಹಾವೇರಿಯಲ್ಲಿರುವ ಅವರ ಹಳೆಯ ಸಾಹೇಬರ ಮನೆಯ ಕಾರ್ಯಕ್ರಮಕ್ಕೆ ರೊಟ್ಟಿ ಆರ್ಡರ್ ಬಂದಿತ್ತು, ಉತ್ತರ ಕಳಿಸಬೇಕಿತ್ತು. ಸರ್ವಿಸಿನುದ್ದಕ್ಕೂ ಆ ಸಾಹೇಬರ ಟೇಬಲ್ಲಿನ ಮುಂದೆ ಫೈಲು ಹಿಡಿದು ನಿಂತರೂ ಆ ಮಹಾನುಭಾವರು ಒಮ್ಮೆಯೂ ಇವರ ಹೆಸರು ಹಿಡಿದು ಕರೆದವರಲ್ಲ. ಆ ನೋವು ಎದೆಯಲ್ಲಿ ಇನ್ನೂ ಇತ್ತು. ಇವತ್ತಾದರೂ ಸಾಹೇಬರು ತಮ್ಮ ಹೆಸರು ಓದಲೇಬೇಕು!

ಮನೆಗೆ ಬಂದು ಸಹಿಯನ್ನು ಮತ್ತೊಮ್ಮೆ ಜೋಡಿಸಿ, ಅಡುಗೆಮನೆಯ ಬಾಗಿಲ ಮರೆಯಲ್ಲಿ ಕಾವಲು ಕೂತರು. ಸ್ವಲ್ಪ ಹೊತ್ತಿಗೆ ಶೀಲಾ ಹಿಟ್ಟಿನ ಕೈಯಲ್ಲೇ ಫೋನೆತ್ತಿಕೊಂಡು, ಸೆಟ್ಟಿಂಗ್ ತೆಗೆದು, ಗಂಡನನ್ನು ಒಂದೊಂದೇ ಖಾತೆಯಿಂದ ಒರೆಸತೊಡಗಿದಳು.

"ಎಲಾ ಇಕಿನ! ನೀನ ಏನು ಆ ವೈರಸ್ಸು?"

"ಮತ್ತೇನ ಮಾಡ್ಲಿರಿ? ಗಂಡನ ಹೆಸರ ಹಿಡೀಬಾರದು ಅಂತ ನಮ್ಮವ್ವ ಹೇಳ್ಯಾಳ. ದಿನಾ ಊರ ಮಂದಿಗೆಲ್ಲಾ ನಿಮ್ಮ ಹೆಸರ ಬರಕೋತ ಕುಂದ್ರಲೇನು?"

"ಬಾಯಿಲೆ ಹಿಡೀಬಾರದು. ಬೆರಳಿಲೆ ಒತ್ತಿದ್ರ ಏನಾಗತೈತಿ?"

"ಬೆರಳೂ ನಂದ ಐತಲ್ರಿ."

(ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುವಾಗ ಈ ಸಂಪ್ರದಾಯ ಎಲ್ಲಿ ಹೋಗಿತ್ತೋ, ಕೇಳುವ ಧೈರ್ಯ ಚನ್ನೇಶಪ್ಪನವರಿಗೆ ಇರಲಿಲ್ಲ.) ಅಷ್ಟರಲ್ಲಿ ಅವರಿಗೊಂದು ದಿವ್ಯ ಉಪಾಯ ಹೊಳೆಯಿತು.

"ಮದುವ್ಯಾಗ ಎಲ್ಲಾರೂ ಗಂಟು ಬಿದ್ದಾಗ ಪ್ರಾಸ ಹಚ್ಚಿ ಒಡಪು ಕಟ್ಟಿ ನನ್ನ ಹೆಸರ ಹೇಳಿದ್ದಿಲ್ಲೇನು? ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ. ಹಂಗ ಒಂದ ಬರದು ಹಾಕು!"

ಶೀಲಾ ಒಂದು ಗಳಿಗೆ ಯೋಚಿಸಿದಳು. ತುಟಿಯಂಚಿನಲ್ಲಿ ನಕ್ಕಳು. ಟಕಟಕ ಬರೆದು ಮೂರು ಖಾತೆಗೂ ಹಾಕಿ, ಸಾಹೇಬರಿಗೆ ಉತ್ತರ ಕಳಿಸಿಯೇಬಿಟ್ಟಳು. ತಮ್ಮ ಹೆಸರು ಇದೆಯೆಂಬ ಖುಷಿಯಲ್ಲಿ ಚನ್ನೇಶಪ್ಪನವರು ಒಡಪು ಏನೆಂದು ಕೇಳಲೂ ಇಲ್ಲ.

ಸಂಜೆಗೆ ಸಾಹೇಬರದೇ ಫೋನು. "ಏನ್ರೀ ಚನ್ನೇಶಪ್ಪಾ!"

ಚನ್ನೇಶಪ್ಪನವರು ಕುರ್ಚಿಯಿಂದ ಎದ್ದು ನಿಂತೇಬಿಟ್ಟರು. ಕಣ್ಣು ತುಂಬಿ ಬಂತು.

"ನಿಮ್ಮ ಹೆಸರು ನಮ್ಮ ಮನ್ಯಾಗ ಎಲ್ಲಾರಿಗೂ ಬಾಯಿಪಾಠ ಆಗೇತಿ ನೋಡ್ರಿ. ಹುಡುಗ್ರು ಆಗಿಂದ ಹಾಡಾಕತ್ತಾವು. ಆಫೀಸಿನ ಹಳೇ ಮಂದಿಗೂ ಕಳಿಸೇನಿ!" ಸಾಹೇಬರ ನಗು ನಿಲ್ಲಲಿಲ್ಲ.

ನಗು ಯಾಕೆಂದು ತಿಳಿಯದೆ ಚನ್ನೇಶಪ್ಪನವರು ಲ್ಯಾಪ್‌ಟಾಪ್ ತೆರೆದರು. ಪತ್ರದ ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು:

'ರೊಟ್ಟಿ ಬಡಿಯಾಕ ಬೇಕು ತೋಳಿನ ಜೋರ,
ನಮ್ಮ ಚನ್ನೇಶಪ್ಪನವರು ಕುಂತು ತಿನ್ನೂದ್ರಾಗ ಶೂರ.'

"ಅಳಸ ಇದನ್ನ! ಈಗಿಂದೀಗ ಅಳಸು!" ಎಂದು ಅವರು ಅಡುಗೆಮನೆಗೆ ಓಡಿದರು.

ಶೀಲಾ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಎರಡೂ ಗಲ್ಲ ಬಡಿದುಕೊಂಡಳು.

"ಶಿವಶಿವಾ! ಗಂಡನ ಹೆಸರ ಅಳಸೂದ? ಅಂಥಾ ಪಾಪದ ಕೆಲಸ ನನ್ನ ಕೈಲೆ ಆಗೂದಿಲ್ರಿ."