ಇಂಗಳೇಶ್ವರದಲ್ಲಿ ಒಂದು ಕಾಲು ಊರಿದ್ದು

ಸೈಕಲ್ ರೇಸೇ ನನ್ನ ಉದ್ಯೋಗ. ಸಂಬಳವೂ ಇದೆ, ಮಾವನವರು ಇನ್ನೂ ನಂಬಿಲ್ಲ. ತುಳಿದ ಕಿಲೋಮೀಟರು, ಕುಡಿದ ನೀರು, ಮಲಗಿದ ತಾಸು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವವಳು ನಾನು. ಆ ಲೆಕ್ಕದ ಪ್ರಕಾರ ಮೂರು ವರ್ಷದಲ್ಲಿ ನಾನು ಗೆದ್ದ ರೇಸು ಸೊನ್ನೆ. ತಂಡದ ನಾಯಕಿಗೆ ಹಿಂದಿನ ಕಾರಿನಿಂದ ನೀರಿನ ಬಾಟಲಿ ಹೊತ್ತು ತಂದುಕೊಟ್ಟದ್ದಕ್ಕೆ ಮಾತ್ರ ಪುಟಗಳು ಸಾಲಲಿಲ್ಲ. ಹೊತ್ತು ಹೊತ್ತು ಸಾಕಾಗಿತ್ತು. ಹಾಗಿರುವಾಗ ಮ್ಯಾನೇಜರ್ ಸಾಹೇಬರು ಕರೆದು, "ಇಂಡಿಯಿಂದ ಮುದ್ದೇಬಿಹಾಳದ ರೇಸಿನಾಗ ಮೊದಲ ಮೂವರಾಗ ಬಾ. ಮುಂದಿನ ವರ್ಷ ನೀನ ನಾಯಕಿ," ಅಂದರು.

ಒಂದೇ ತೊಡಕು. ದಾರಿಬದಿಯಲ್ಲಿ ನಿಂತು, ಓಡುವ ಸೈಕಲ್ಲಿಗೆ ತಿನಿಸಿನ ಚೀಲ ಕೊಡುವ ತಂಡದ ಹುಡುಗಿಗೆ ಜ್ವರ. "ಚಿಂತಿ ಬ್ಯಾಡ್ರಿ ಸರ್, ಇಂಗಳೇಶ್ವರದಾಗ ನನ್ನ ಗಂಡನ ಚಿಕ್ಕಮ್ಮ ಅದಾರ," ಎಂದೆ. ಎಂಥ ಆತ್ಮವಿಶ್ವಾಸ!

ಗಂಡ ಮಲ್ಲು ಫೋನು ಹಚ್ಚಿ ಕೈಗಿಟ್ಟ.

"ಸಣ್ಣತ್ತಿ, ಬಾಳಿಹಣ್ಣು, ನೀರಿನ ಬಾಟಲಿ ಚೀಲದಾಗ ಹಾಕಿ ಹಿಡಕೊಂಡ ನಿಂದರ್ರಿ. ನಾ ಹಂಗ ಕಸಕೊಂಡ ಹೋಗ್ತೇನಿ."

"ಕಸಕೊಂಡ? ಮನಿ ಸೊಸಿ ಏನ್ ದರೋಡಿಕೋರಳೇನ?"

"ರೇಸಿನಾಗ ಹಂಗ ಇರ್ತೈತ್ರಿ."

"ಆತವ್ವಾ, ನೀ ಬಾ."

ಆ "ನೀ ಬಾ" ಎಂಬುದರ ಆಳ ನನಗಾಗ ತಿಳಿಯಲಿಲ್ಲ.

ರೇಸಿನ ದಿನ ಸಿಂದಗಿ ದಾಟಿದ ಮೇಲೆ ನಾವು ನಾಲ್ವರು ಗುಂಪು ಬಿಟ್ಟು ಮುಂದೆ ಬಂದೆವು. ಒಬ್ಬಳನ್ನು ಸೋಲಿಸಿದರೆ ಸಾಕು, ನಾಯಕಿ! ಇಂಗಳೇಶ್ವರದಲ್ಲಿ ಉಳಿದ ಮೂವರು ತಮ್ಮ ಚೀಲ ಹಾರಿಸಿಕೊಂಡು ಹೋದರು. ನನಗಾಗಿ ನಿಂತಿದ್ದವರು ಐದು ಜನ ಮುತ್ತೈದೆಯರು. ಒಂದು ಮಣೆ, ಅದರ ಮೇಲೆ ನನ್ನ ಚೀಲ. ಒಂದು ಆರತಿ ತಟ್ಟೆ! ಉರಿಯುವ ಆರತಿ ಕಸಿದುಕೊಂಡು ಓಡುವುದು ಹೇಗೆ? ಬ್ರೇಕು ಹಿಡಿದು ಒಂದು ಕಾಲು ಊರಿದೆ.

"ಮದುವ್ಯಾದ ಮ್ಯಾಲ ಮೊದಲನೇ ಸಲ ಊರಿಗೆ ಬಂದಿ," ಎಂದರು ಸಣ್ಣತ್ತಿ. "ಉಡಿ ತುಂಬದ ಕಳಿಸಿದ್ರ ಓಣಿ ಮಂದಿ ನನ್ನ ಬಿಡ್ತಾರೇನ?"

"ರೇಸ್ ನಡದೈತ್ರಿ!"

"ನಡೀಲಿ. ಅವರಿಗೇನ್ ಗಡಿಬಿಡಿ ಐತೋ ಏನೋ. ನೀ ಮೂಡಣಕ್ಕ ಮಾರಿ ಮಾಡು."

ರೇಸು ಪಡುವಣಕ್ಕೆ ಹೋಗುತ್ತಿತ್ತು. ನಾನು ಸೈಕಲ್ ತಿರುಗಿಸಿದೆ!

ಸೆರಗು ಒಡ್ಡು ಅಂದರು. ಮೈಗಂಟಿದ ರೇಸಿನ ಅಂಗಿಗೆ ಸೆರಗು ಎಲ್ಲಿಂದ ಬರಬೇಕು? ಐವರೂ ಸಭೆ ಸೇರಿದರು. "ಬೆನ್ನಿಗೆ ಮೂರ ಕಿಸೆ ಅದಾವಲ್ರೀ!" ಎಂದು ಒಬ್ಬಾಕೆ ಕಂಡುಹಿಡಿದಳು. ನಡುವಿನ ಕಿಸೆಗೆ ಎಲ್ಲರೂ ಅಕ್ಕಿ ಸುರಿದರು. ಎಡಕ್ಕೆ ತೆಂಗಿನಕಾಯಿ. ಬಲಕ್ಕೆ ಕುಬಸದ ಖಣ, ಉತ್ತತ್ತಿ, ಅರಿಶಿನ ಕೊಂಬು. ಹಣೆಗೆ ಧಾರಾಳ ಕುಂಕುಮ. ಕಾಲಿಗೆ ಬೀಳಲು ಬಾಗಿದೆ, ಅಕ್ಕಿ ಚೆಲ್ಲಿತು, ಮತ್ತೆ ತುಂಬಿದರು. ಅಷ್ಟರಲ್ಲಿ ಹಿಂದೆ ಬಿಟ್ಟಿದ್ದ ಗುಂಪು ಪೂರ್ತಿ ನಮ್ಮೆದುರೇ ಹಾದುಹೋಯಿತು. ಸಣ್ಣತ್ತಿ ಅವರಿಗೂ ಆರತಿ ಎತ್ತಿದರು.

ಬಾಗೇವಾಡಿ ಮುಟ್ಟುವ ಹೊತ್ತಿಗೆ ಕುಂಕುಮ ಬೆವರಿನಲ್ಲಿ ಕರಗಿ ಗಲ್ಲಕ್ಕಿಳಿದಿತ್ತು. ಆಂಬುಲೆನ್ಸ್ ಅಡ್ಡ ಬಂದು ನಿಂತಿತು. ಬೆಂಗಳೂರು ಕಡೆಯ ಡಾಕ್ಟರು ಜಿಗಿದರು.

"ತಲೆಗೆ ಪೆಟ್ಟು! ಹೇಗಾಯ್ತು?"

"ಉಡಿ ತುಂಬಿದರ್ರಿ."

"ಅಸಂಬದ್ಧ ಮಾತಾಡ್ತಿದ್ದಾರೆ, ಇಳಿಸಿ!"

ನಿಜ ತೋರಿಸಲು ಬೆನ್ನಿನಿಂದ ತೆಂಗಿನಕಾಯಿ ತೆಗೆದೆ. ಅವರ ಆತಂಕ ಇನ್ನೂ ಹೆಚ್ಚಿತು!

ಬಿಡಿಸಿಕೊಂಡು ಹೊರಟ ಮೇಲೆ ಬಾಟಲಿಗೆ ಕೈ ಹಾಕಿದೆ. ಖಾಲಿ. ನೀರು, ಬಾಳೆಹಣ್ಣಿನ ಚೀಲ ಇಂಗಳೇಶ್ವರದ ಮಣೆಯ ಮೇಲೇ ಉಳಿದಿತ್ತು. ತಂಡದ ಕಾರು ಮುಂದಿನವರ ಹಿಂದೆ ಹೋಗಿಯಾಗಿತ್ತು. ಬೆನ್ನಿನ ಭಾರವನ್ನಾದರೂ ಎಸೆಯೋಣವೆಂದರೆ ಅದು ಉಡಿ. ಕೈ ಬರಲಿಲ್ಲ.

ಮುದ್ದೇಬಿಹಾಳ ಸೇರಿದಾಗ ಕೊನೆಗೆರೆಯ ಕಮಾನು ಬಿಚ್ಚುತ್ತಿದ್ದರು. ಮ್ಯಾನೇಜರ್ ಸಾಹೇಬರು ನನ್ನ ಕಿಸೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಕಾಯಿಯನ್ನು ಕೈಯಲ್ಲಿ ತೂಗಿದರು.

"ಇಷ್ಟೂ ಹೊತಗೊಂಡ ಇಲ್ಲೀತನಕ ಬಂದ್ಯಾ?"

"ಹೌದ್ರಿ."

"ಹಂಗಾರ ಮುಂದಿನ ವರ್ಷಾನೂ ಬಾಟಲಿ ಹೊರೂದು ನೀನ. ನಿನ್ನಂಥಾಕಿ ಮತ್ತ ಸಿಗೂದಿಲ್ಲವ್ವಾ."

ವಾದ ಮಾಡೋಣವೆಂದು ಬಾಯಿ ತೆರೆದೆ. ನೀರಿಲ್ಲದೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಹೂಂ ಎಂದು ತಲೆಯಾಡಿಸಿದೆ.