ದಯಾನಂದನ ನೂರು ಮತ

ಏಳು ತೆಂಗಿನ ತೋಟ ದಾಟಿದರೆ ಸಿಗುವ ಒಂದಾನೊಂದು ಊರಿನಲ್ಲಿ, ಬಹಳ ಹಿಂದೇನಲ್ಲ, ಹೋದ ಭಾನುವಾರ, ದಯಾನಂದನೆಂಬ ಮೇಷ್ಟ್ರೊಬ್ಬ ಸಂಕಟಕ್ಕೆ ಸಿಕ್ಕಿಕೊಂಡ. ಮೊಬೈಲಿನಲ್ಲಿ ಪ್ರಜಾಪ್ರಭುತ್ವ ಬೆಳೆಯುತ್ತದೆಯೇ ಎಂಬುದು ಅವನ ಪಿಎಚ್‌ಡಿ. ಅದು ಆರು ವರ್ಷದಿಂದ ಅಟ್ಟದ ಮೇಲಿನ ಕಾಯಿಯಂತೆ ಒಣಗುತ್ತಿತ್ತು. ಕೊಬ್ಬರಿ ಮಾತ್ರ ಆಗಿರಲಿಲ್ಲ.

"ಸಂಜೆ ಐದರೊಳಗೆ ನೂರು ಜನರ ಸ್ವಂತ ಅಭಿಪ್ರಾಯ ಬರಲಿ. ಇಲ್ಲದಿದ್ದರೆ ನಿಮ್ಮ ನೋಂದಣಿ ರದ್ದು," ಎಂದಿದ್ದರು ಗೈಡ್ ಮೇಡಂ.

ಬೆಳಿಗ್ಗೆಯೇ ಊರಿನ ವಾಟ್ಸಾಪ್ ಗುಂಪಿಗೆ ಪ್ರಶ್ನೆ ಹಾಕಿದ: ಮೊದಲು ಬೀದಿದೀಪವೋ, ಚರಂಡಿಯೋ? ಮಧ್ಯಾಹ್ನಕ್ಕೆ ನೂರು ಉತ್ತರ! ಆದರೆ ದೀಪಕ್ಕಾಗಿ ವರ್ಷವಿಡೀ ಜಗಳವಾಡಿದ್ದ ಕೆಂಪಯ್ಯ ಚರಂಡಿ ಎಂದಿದ್ದ. ಚರಂಡಿಗಾಗಿ ಪಂಚಾಯ್ತಿ ಬಾಗಿಲಲ್ಲಿ ಕೂತಿದ್ದ ಮಂಜಮ್ಮ ದೀಪ ಎಂದಿದ್ದಳು.

ಊರವರೆಲ್ಲ ಕಾಯಿ ಸುಲಿಯುತ್ತಿದ್ದ ಜಾಗಕ್ಕೆ ದಯಾನಂದ ಓಡಿದ.

"ಕೆಂಪಣ್ಣ, ಇದು ನಿನ್ನ ಅಭಿಪ್ರಾಯಾನಾ?"

"ನಂದ್ಯಾಕಪ್ಪಾ? ಮಂಜಕ್ಕಂದು. ಅವಳದ್ನ ನಾನು ಒತ್ತಿದೆ, ನನ್ನದ್ನ ಅವಳು ಒತ್ತಿದ್ಲು. ಮುಯ್ಯಾಳು ಕಣಪ್ಪ! ಅವರ ತೋಟಕ್ಕೆ ನಾವು, ನಮ್ಮ ತೋಟಕ್ಕೆ ಅವರು ಕೆಲಸಕ್ಕೆ ಹೋಗಲ್ವಾ, ಹಂಗೆ."

"ಊರಿಗೂರೇ ಹಿಂಗೆ ಮಾಡಿದ್ರಾ?"

"ನಮ್ಮ ಕೆಲಸ ನಾವೇ ಮಾಡ್ಕಳಾಕೆ ನಾವೇನು ದಿಕ್ಕಿಲ್ದೋರಾ?" ಎಂದಳು ಮಂಜಮ್ಮ.

ದಯಾನಂದ ಎಲ್ಲ ಅಳಿಸಿ ಕೈಮುಗಿದ. "ಅವರವರ ಫೋನು, ಅವರವರ ಬೆರಳು! ಇನ್ನೊಂದ್ಸಲ ಒತ್ರಪ್ಪಾ!"

"ಅದನ್ನೇ ಎಷ್ಟು ಸಲ ಒತ್ತಾದು, ಬುಡ್ಲಾ!" ಎಂದು ಎಲ್ಲರೂ ಕಾಯಿಗೆ ತಿರುಗಿದರು. ಗಂಟೆ ನಾಲ್ಕೂವರೆ.

"ಹಂಗಾದ್ರೆ ನಿಮಗೆ ಬೇಕಾದ ಪ್ರಶ್ನೇನೇ ಹಾಕ್ಕಳಿ!"

ಊರಿಗೇ ಹಿರಿಯಳಾದ ತಿಮ್ಮಕ್ಕ ಕೈ ಚಾಚಿದಳು. "ಫೋನ್ ಕೊಡು ಮಗಾ." ಪಕ್ಕಕ್ಕೆ ಹೋಗಿ, ಮಗುವಿಗೆ ಗುಟ್ಟು ಹೇಳುವಂತೆ ಫೋನಿಗೆ ಏನೋ ಉಸುರಿದಳು. ಅದು ಅಕ್ಷರವಾಗಿ ಗುಂಪಿಗೆ ಹೋಯಿತು, ಫೋನು ದಯಾನಂದನ ಕೈಗೆ ಬಂತು.

ಆಮೇಲಿನದು ಪವಾಡ. ಗಂಡನಿಗೆ ಕಾಣದಂತೆ ಹೆಂಡತಿ ಸೆರಗಿನೊಳಗೆ ಒತ್ತಿದಳು. ಅಣ್ಣನಿಗೆ ಬೆನ್ನು ಹಾಕಿ ತಮ್ಮ ಒತ್ತಿದ. ಹುರಿಯುವ ಜೋಳ ಸಿಡಿದಂತೆ ಮತ ಬಿದ್ದವು. ಐದಕ್ಕೆ ಎರಡು ನಿಮಿಷವಿದ್ದಾಗ ಲೆಕ್ಕ ತೊಂಬತ್ತೊಂಬತ್ತಕ್ಕೆ ನಿಂತಿತು.

"ನೀನು ಈ ಊರೋನಲ್ವೇನ್ಲಾ? ಒತ್ತು!" ಎಂದ ಕೆಂಪಯ್ಯ. ಓದಲು ಪುರುಸೊತ್ತೆಲ್ಲಿ? ದಯಾನಂದ 'ಹೌದು' ಒತ್ತಿ, ಲೆಕ್ಕವನ್ನು ಮೇಡಂಗೆ ಕಳಿಸಿಯೇಬಿಟ್ಟ.

ಮೇಡಂ ಫೋನು ಬಂತು. "ಶಹಭಾಸ್ ದಯಾನಂದ್! ನೂರು ಫೋನು, ನೂರು ಸ್ವಂತ ಮತ. ಒಬ್ಬರನ್ನೊಬ್ಬರು ಕೇಳದೆಯೇ ಎಲ್ಲರದ್ದೂ ಹೌದು! ಇದನ್ನೇ ಅಲ್ವಾ ನೀವು ಆರು ವರ್ಷದಿಂದ ಹುಡುಕಿದ್ದು? ನಿಮ್ಮ ಕೆಲಸ ಮುಗೀತು."

ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ದಯಾನಂದ ಮೇಲಿನಿಂದಲೇ ಕೂಗಿದ, "ತಿಮ್ಮಜ್ಜೀ, ಪ್ರಶ್ನೆ ಏನಾಕಿದ್ದೆ?"

ಅವನನ್ನು ಕಾಯಿ ರಾಶಿಯ ಮುಂದೆ ಇಳಿಸಲು ಸನ್ನೆ ಮಾಡುತ್ತಾ ತಿಮ್ಮಕ್ಕ ಅಂದಳು: "'ದಯಾನಂದನ ಕೆಲಸಕ್ಕೆ ಊರೆಲ್ಲಾ ಮುಯ್ಯಾಳಾಗಿದ್ದೀವಿ, ಅವನು ಮನೆಗೊಂದು ದಿನ ಕಾಯಿ ಸುಲಿಬೇಕಾ?' ಅಂತ."