ಮುಳ್ಳು ಹತ್ತುವ ಚಪ್ಪಲಿ

ಚಪ್ಪಲಿಗೆ ಮುಳ್ಳು ಹತ್ತಿದರೆ ನೀವು ನಾವು ಬೈದು, ಕಿತ್ತು ಬಿಸಾಡುತ್ತೇವೆ. ನಮ್ಮ ಸೋದರಮಾವ ಮುಖ ಅರಳಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ!

ಎಂಥ ಮುಳ್ಳು ಅಂತೀರಿ? ನೆಗ್ಗಿಲು. ನೆಲಕ್ಕಂಟಿ ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು. ನೋಡಿದರೆ ಪಾಪ ಅನಿಸಬೇಕು. ಕಾಯಿ ಒಣಗಿತೋ, ಹೇಗೆ ಉರುಳಿದರೂ ಒಂದು ಕೊಂಬು ಮೇಲೆಯೇ! ಉರಿಮೂತ್ರಕ್ಕೆ ಅದರ ಕಷಾಯ ಕುಡಿಸುವುದು ನಮ್ಮ ಹಿರಿಯರ ರೂಢಿ. ಅತ್ತೆಗೆ ಪ್ರತಿ ಬೇಸಿಗೆ ಆ ಉರಿ ಕಾಡುತ್ತಿತ್ತು. ಶಹಾಪುರದ ಡಾಕ್ಟರು ಮಾತ್ರೆ ಕೊಟ್ಟು, "ನೀರು ಭಾಳ ಕುಡೀರಿ" ಅಂದರು. ಮಾವ ಕಷಾಯದ ಮಾತೆತ್ತಿದ. "ಮಾತ್ರಿ ಬಿಡಬ್ಯಾಡ್ರಿ. ಮ್ಯಾಲ ಒಂದು ಲೋಟ ಅದನ್ನೂ ಕುಡದ್ರ ಕುಡೀಲಿ" ಅಂದರು ಡಾಕ್ಟರು. ಮಾವನಿಗೆ ಅಷ್ಟು ಸಾಕಾಯಿತು!

ಕಷಾಯದ ಹಿಂದೆಯೇ ಮಾವ ಒಂದು ತಂಬಿಗೆ ನೀರನ್ನೂ ಕುಡಿಸುತ್ತಿದ್ದ. ಗುಣ ಮಾತ್ರೆಯದೋ, ಮುಳ್ಳಿನದೋ, ತಂಬಿಗೆಯದೋ? ನನಗೆ ಇವತ್ತಿಗೂ ಕುತೂಹಲ. ಕೇಳಿದರೆ, "ನಿನಗ್ಯಾಕೋ ಆ ಪಂಚಾಯ್ತಿ?" ಅನ್ನುತ್ತಿದ್ದ. ಅತ್ತೆಯಂತೂ ಲೋಟ ಕಂಡರೆ ಮುಖ ಹಿಂಡುತ್ತಿದ್ದಳು: "ನಿಮ್ಮ ಮುಳ್ಳಿನ ಹುಚ್ಚಿಗೆ ನನ್ನ ಹೊಟ್ಟೀನ ಸಿಕ್ತೇನ್ರಿ?"

ಬಗ್ಗಿ ಆರಿಸಲು ಮಾವನ ಸೊಂಟ ಒಪ್ಪದು. ಹಾಗಾಗಿ ನಡೆದೇ ಕೊಯ್ಲು! ಸಂತೆಯಲ್ಲಿ ಚಪ್ಪಲಿಯವನು, "ಇದು ಭಾಳ ಮೆತ್ತಗದರಿ, ಮುಳ್ಳು ಹತ್ತತಾವ" ಎಂದು ಎಚ್ಚರಿಸಿದರೆ, "ಹತ್ತಲಿ ಅಂತನ ಬಂದೀನಿ, ಕಟ್ಟಿಕೊಡ್ರಿ!"

ದೇವಾಪುರದ ಒಂದು ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಮಾವ ಹೊರಗೆ ಬೀಗರ ಚಪ್ಪಲಿಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದ. "ಚಪ್ಪಲಿ ಕಳ್ಳ!" ಎಂದು ಕೂಗೆದ್ದಿತು. ಮಾವ ಮುಷ್ಟಿ ಬಿಚ್ಚಿದ. ಹಿಡಿ ತುಂಬ ನೆಗ್ಗಿಲು! "ಬಳಿಚಕ್ರ ಊರಿನ ಬೀಗರ ಚಪ್ಪಲ್ಯಾಗ ಛಲೋ ಮಾಲು ಅದರಿ" ಎಂದ. ಆಮೇಲೆ ಅವನಿಗೆ ಎರಡು ಹೋಳಿಗೆ ಹೆಚ್ಚೇ ಬಿದ್ದವು.

ಅಷ್ಟರಲ್ಲಿ ಕಾಲುವೆ ಬಂತು. ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ, ನೆಗ್ಗಿಲು ಮಾಯ! ಕೆಸರಲ್ಲಿ ಅದು ಎಲ್ಲಿ ಬದುಕೀತು? ಮಾವ ತನ್ನ ಹೊಲದ ಒಂದು ಮೂಲೆಗೆ ಬದು ಹಾಕಿ, ನೀರು ಸೋಕದಂತೆ ಒಣಗಿಸಿಟ್ಟ.

"ಮನಿ ಬಾಗಲಿಗೆ ನೀರು ಬಂದದ, ನೀವು ಮುಳ್ಳು ಬೆಳಿಯಾಕತ್ತೀರಲ್ಲರಿ?" ಎಂದು ಪಕ್ಕದ ಹೊಲದವ ನಕ್ಕ.

"ಭತ್ತ ಎಲ್ಲಾರೂ ಬೆಳೀತಾರ ಬಿಡು!"

ಆ ಮೂಲೆ ನೋಡಿ ಊರೇ ನಗುತ್ತಿತ್ತು, ಆ ನಗುವಿನಲ್ಲಿ ಅತ್ತೆಯ ಪಾಲೇ ದೊಡ್ಡದು.

ಒಂದು ಬೇಸಿಗೆ ಮಾವ ಜ್ವರದಲ್ಲಿ ಮಲಗಿದ್ದ. ಪಕ್ಕದ ಗದ್ದೆಯ ಬದು ಒಡೆದು ನೀರು ಆ ಮೂಲೆಯತ್ತ ನುಗ್ಗುತ್ತಿದೆ ಎಂದು ಸುದ್ದಿ ಬಂತು. ಮಾವ ಏಳಲು ಒದ್ದಾಡಿದ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅತ್ತೆ ಸಲಿಕೆ ಹಿಡಿದು ಓಡಿಯಾಗಿತ್ತು! ಬೆನ್ನು ಹತ್ತಿ ಹೋದರೆ, ಬರಿಗಾಲಲ್ಲಿ ಆ ಮೂಲೆಯೊಳಗೇ ನಿಂತು, ಪಕ್ಕದ ಹೊಲದವನ ಏಳು ತಲೆಮಾರು ಬೈಯುತ್ತ ಬದುವಿಗೆ ಮಣ್ಣು ಒಟ್ಟುತ್ತಿದ್ದಾಳೆ. ನೀರು ನಿಂತಿತು. ಮೂಲೆ ಉಳಿಯಿತು.

ಸಂಜೆ ಮಾವ ಹೊರಸಿನ ಮೇಲೆ ಎದ್ದು ಕುಳಿತು, ಅತ್ತೆಯ ಅಂಗಾಲು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮುಳ್ಳು ತೆಗೆದ. "ಚಪ್ಪಲಿ ಇರಲಿಲ್ಲೇನ ನಿನಗ?"

"ಚಪ್ಪಲಿ ಹಾಕ್ಕೋತ ನಿಂತ್ರ ನಿಮ್ಮ ಮುಳ್ಳು ಈಜಾಕತ್ತಿದ್ವು!"

ಕಿತ್ತ ಮುಳ್ಳೊಂದನ್ನೂ ಮಾವ ಎಸೆಯಲಿಲ್ಲ. ಬಟ್ಟಲಿಗೆ ಹಾಕಿ, ತೊಳೆದು, ಕುದಿಸಲು ಕೊಟ್ಟ. ಅತ್ತೆ ಆ ಲೋಟವನ್ನು ಮುಖ ಹಿಂಡದೆ ಕುಡಿದಳು.